ಅಷ್ಟೊಂದು ಕಸ ಯಾಕಾಯ್ತು?

ಕೇಳುಗರೆಲ್ಲರಿಗೂ ನಮಸ್ಕಾರ.

ದಾವಣಗೆರೆ ವಿಶ್ವವಿದ್ಯಾಲಯ ಶುರುವಾಗಿದ್ದು 2009ರಲ್ಲಿ. ತೋಳಹುಣಸೆಯ ಶಿವಗಂಗೋತ್ರಿ ಅದರ ನೆಲೆ. ಹೊಸ ವಿಶ್ವವಿದ್ಯಾಲಯ ಅಂದ ಮೇಲೆ ಇವತ್ತು ಹಾಸ್ಟೆಲ್, ನಾಳೆ ಲ್ಯಾಬ್, ಏನಾದರೂ ಕಟ್ಟುವುದು ಇದ್ದೇ ಇರುತ್ತದೆ. ಕೊನೆಗೆ ಉಳಿಯುವ ಇಟ್ಟಿಗೆ ಚೂರು, ಗಾರೆ, ಟೈಲ್ಸ್ ತುಂಡು ಎಲ್ಲಿ ಸುರಿಯೋದು ಅಂತ ಎಲ್ಲರೂ ಕೇಳುತ್ತಾರೆ. ಅಷ್ಟೊಂದು ಯಾಕಾಯ್ತು ಅಂತ ಕೇಳುವವರು ಕಡಿಮೆ.

ಸೈಟಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಗೋಡೆ ಎದ್ದಿದೆ, ಪ್ಲಾಸ್ಟರೂ ಆಗಿದೆ. ಆಮೇಲೆ ಕರೆಂಟಿನವರು ಬಂದು ಪೈಪ್ ಕೂರಿಸಲು ಗೋಡೆ ಕೊರೆಯುತ್ತಾರೆ. ನಲ್ಲಿಯವರು ಇನ್ನೊಂದು ಕಡೆ ಒಡೆಯುತ್ತಾರೆ. ಮೇಸ್ತ್ರಿ ಮತ್ತೆ ಬಂದು ಮುಚ್ಚಬೇಕು. ಎರಡೆರಡು ಕೂಲಿ, ಎರಡೆರಡು ಸಿಮೆಂಟು, ಮೇಲೊಂದು ಕಸದ ರಾಶಿ! ಲ್ಯಾಬಿನಲ್ಲಂತೂ ಈ ಕಾಟ ಜಾಸ್ತಿ. ಯಾವ ಯಂತ್ರ ಎಲ್ಲಿ ಕೂರಬೇಕು ಅಂತ ವಿಭಾಗದವರು ಬಾಯಿ ಬಿಡುವುದೇ ಕಟ್ಟಡ ಮುಗಿದ ಮೇಲೆ. ನಕ್ಷೆ ಬರೆಯುವಾಗಲೇ ಮೇಷ್ಟ್ರು, ಎಂಜಿನಿಯರು, ಎಲೆಕ್ಟ್ರಿಷಿಯನ್ ಒಂದು ಮಧ್ಯಾಹ್ನ ಕೂತು ಮಾತಾಡಿದರೆ ಈ ಒಡೆಯುವ ಕೆಲಸ ಬಹುಪಾಲು ತಪ್ಪುತ್ತದೆ.

ಕಂಬಿ ಸಾಮಾನ್ಯವಾಗಿ 12 ಮೀಟರ್ ಉದ್ದ ಬರುತ್ತದೆ. 5 ಮೀಟರಿನ ಎರಡು ತುಂಡು ಕತ್ತರಿಸಿದರೆ 2 ಮೀಟರ್ ಉಳಿಯಿತು. ಅಳತೆಯ ಪಟ್ಟಿ ಮೊದಲೇ ಕೈಯಲ್ಲಿದ್ದರೆ ಅದನ್ನೂ ಎಲ್ಲಾದರೂ ಬಳಸಬಹುದು. ಕಂಬಿಗಾದರೆ ಗುಜರಿಯವನು ಬರುತ್ತಾನೆ ಬಿಡಿ, ಗಾರೆಗೆ ಯಾರು ಬರುತ್ತಾರೆ? ಊಟಕ್ಕೆ ಮುಂಚೆ ರಾಶಿ ಕಲಸಿಟ್ಟು ಹೋದರೆ, ಬರುವಷ್ಟರಲ್ಲಿ ಅದು ಬಿಗಿದುಕೊಂಡಿರುತ್ತದೆ. ಬೇಕಾದಷ್ಟೇ ಕಲಸಿ. ಗೋಡೆ ಬುಡಕ್ಕೊಂದು ತಗಡು ಹಾಸಿದರೆ, ಉದುರಿದ ಗಾರೆಯನ್ನು ಮಣ್ಣಾಗದಂತೆ ಬಾಚಿ ಆಗಲೇ ಬಳಸಬಹುದು.

ಕೇಂದ್ರ ಸರ್ಕಾರ 2016ರಲ್ಲಿ ತಂದ ನಿಯಮ, ದಿನಕ್ಕೆ 20 ಟನ್ ಅಥವಾ ಒಂದೇ ಕಾಮಗಾರಿಯಿಂದ ತಿಂಗಳಿಗೆ 300 ಟನ್‌ಗಿಂತ ಜಾಸ್ತಿ ಕಸ ಬಂದರೆ ಕಾಂಕ್ರೀಟ್, ಮಣ್ಣು, ಕಬ್ಬಿಣ, ಮರ ಮತ್ತು ಪ್ಲಾಸ್ಟಿಕ್, ಇಟ್ಟಿಗೆ ಮತ್ತು ಗಾರೆ ಅಂತ ಬೇರೆ ಬೇರೆ ಮಾಡಲು ಹೇಳಿತು. ನನ್ನ ಕೇಳಿದರೆ, ಒಂದೇ ಟನ್ ಆದರೂ ಬೇರೆ ಮಾಡಿ. ಎಲ್ಲ ಕಲೆಸಿದ ರಾಶಿ ಹಳ್ಳ ತುಂಬಿಸಲು ಮಾತ್ರ. ಬೇರೆ ಇಟ್ಟ ಕಾಂಕ್ರೀಟ್ ಒಡೆದರೆ ಜಲ್ಲಿ. ಕಾಂಕ್ರೀಟಿನ ಗಟ್ಟಿತನದ ದರ್ಜೆಯನ್ನು ಎಂ15, ಎಂ25 ಅಂತ ಹೇಳುತ್ತಾರೆ, ಅಂಕಿ ಜಾಸ್ತಿಯಾದಷ್ಟೂ ಗಟ್ಟಿ. ಆ ಜಲ್ಲಿಯನ್ನು ಎಂ15ಕ್ಕಿಂತ ಕಡಿಮೆ ದರ್ಜೆಯ ಕಾಂಕ್ರೀಟಿಗೆ ಪೂರ್ತಿಯಾಗಿ, ಕಂಬಿ ಹಾಕಿದ ಕಾಂಕ್ರೀಟಿಗೆ ಎಂ25ರವರೆಗೆ ಶೇಕಡಾ 20ರಷ್ಟು ಬಳಸಲು ಐಎಸ್ 383, ಅಂದರೆ ಜಲ್ಲಿ-ಮರಳಿಗೆ ಇರುವ ಭಾರತೀಯ ಮಾನದಂಡ, ಒಪ್ಪುತ್ತದೆ. ಸೀಲಿಂಗಿನ ಪಿಒಪಿ ಚೂರು ಮಾತ್ರ ಅದರಲ್ಲಿ ಬೆರೆಯಬಾರದು. ಪಿಒಪಿಯಲ್ಲಿರುವುದು ಜಿಪ್ಸಂ, ಅದು ಸೇರಿದರೆ ಕಾಂಕ್ರೀಟ್ ಉಬ್ಬಿ ಬಿರುಕು ಬಿಡುತ್ತದೆ. ಅದಕ್ಕೆ ಸುಮ್ನೆ ಒಂದು ಬೇರೆ ಚೀಲ ಇಡಿ.

ನಮಸ್ಕಾರ.