ಸಾಲದ ಮಾತಾಡಿದ ಸೆಲ್ಮಾ

ಕೇಳುಗರಿಗೆ ನಮಸ್ಕಾರ.

1909ರ ಡಿಸೆಂಬರ್. ಸ್ಟಾಕ್‌ಹೋಮ್‌ನಲ್ಲಿ ನೊಬೆಲ್ ಔತಣ. ಸಾಹಿತ್ಯದ ನೊಬೆಲ್ ಪಡೆದ ಮೊದಲ ಹೆಂಗಸು, ಸ್ವೀಡನ್ನಿನ ಸೆಲ್ಮಾ ಲಾಗರ್‌ಲೋಫ್, ಮಾತಾಡಲು ಎದ್ದರು. ಭಾಷಣದ ಬದಲು ಒಂದು ಕಥೆ ಹೇಳಿದರು. ರೈಲಿನಲ್ಲಿ ಬರುತ್ತಾ, ತೀರಿಹೋದ ಅಪ್ಪನನ್ನು ಸ್ವರ್ಗದಲ್ಲಿ ಕಂಡಂತೆ ಕಲ್ಪಿಸಿಕೊಂಡರಂತೆ. ಅಪ್ಪ ತೂಗುಕುರ್ಚಿಯಲ್ಲಿ ಕೂತಿದ್ದಾರೆ. ತಾನು ಸಾಲದಲ್ಲಿ ಮುಳುಗಿದ್ದೇನೆ ಅನ್ನುತ್ತಾಳೆ ಮಗಳು. ಕಥೆ ಹೇಳಿದ ಮುದುಕಿಯರಿಗೆ, ಊರೂರು ಅಲೆದ ಹಾಡುಗಾರರಿಗೆ, ಓದಿದವರಿಗೆ ಕೊಡಬೇಕಾದ ಸಾಲ. ತೀರಿಸುವ ದಾರಿ ಅಪ್ಪನಿಗೂ ತೋಚಲಿಲ್ಲ. ಮಗಳಿಗೆ ನೊಬೆಲ್ ಬಂತಲ್ಲ, ಆ ಖುಷಿಯಲ್ಲಿ ಸಾಲದ ಚಿಂತೆಯನ್ನೇ ಬಿಟ್ಟರಂತೆ!

ಆ ಮನೆಗೆ ಸಾಲ ಹೊಸದಲ್ಲ. ಸೆಲ್ಮಾ ಹುಟ್ಟಿದ್ದು 1858ರಲ್ಲಿ, ವೆರ್ಮ್‌ಲಾಂಡ್ ಸೀಮೆಯ ಮೋರ್‌ಬಾಕ ಎಂಬ ಜಮೀನು ಮನೆಯಲ್ಲಿ. ಚಿಕ್ಕಂದಿನಲ್ಲೇ ಕಾಲಿನ ತೊಂದರೆ. ಓಡಾಟ ಕಡಿಮೆ, ಅಜ್ಜಿಯ ಕಥೆ ಜಾಸ್ತಿ. ಅಪ್ಪ 1885ರಲ್ಲಿ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ಮನೆ, ಜಮೀನು ಎರಡೂ ಕೈಬಿಟ್ಟವು.

ಆಗ ಸೆಲ್ಮಾ ಲಾಂಡ್ಸ್‌ಕ್ರೋನಾದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್. 1890ರಲ್ಲಿ 'ಇದುನ್' ಪತ್ರಿಕೆಯ ಸ್ಪರ್ಧೆಗೆ ತಮ್ಮ ಕಾದಂಬರಿಯ ಕೆಲವು ಅಧ್ಯಾಯ ಕಳಿಸಿದರು. ಬಹುಮಾನ ಬಂತು. ಮರುವರ್ಷ ಆ ಕಾದಂಬರಿ 'ಯೋಸ್ಟಾ ಬೆರ್ಲಿಂಗ್' ಪುಸ್ತಕವಾಗಿ ಬಂತು. ಊರಿನ ಹಳೇ ಕಥೆಗಳನ್ನೆಲ್ಲ ಕುಣಿಸಿದ ಈ ಬರವಣಿಗೆ ಸ್ವೀಡನ್ನಿನ ವಿಮರ್ಶಕರಿಗೆ ಅಷ್ಟು ರುಚಿಸಲಿಲ್ಲ. ಡೆನ್ಮಾರ್ಕಿನ ವಿಮರ್ಶಕ ಗೇಯಾರ್ಗ್ ಬ್ರಾಂಡೆಸ್ ಮೆಚ್ಚಿ ಬರೆದ ಮೇಲೆ ಗಾಳಿ ತಿರುಗಿತು. ಹೊರಗಿನವರು ಹೊಗಳಿದ ಮೇಲೇ ನಮ್ಮವರ ಬೆಲೆ ತಿಳಿಯೋದು ಎಲ್ಲ ಕಡೆಯೂ ಇದ್ದದ್ದೇ, ಅಲ್ವಾ?

ನನಗೆ ಇಷ್ಟವಾಗುವುದು ನಿಲ್ಸ್‌ನ ಕಥೆ. ಮಕ್ಕಳಿಗೆ ದೇಶದ ಭೂಗೋಳ ಕಲಿಸುವ ಪುಸ್ತಕ ಬೇಕು ಎಂದು ಶಿಕ್ಷಕರ ಸಂಘ ಕೇಳಿತ್ತು. ಬೇರೆ ಯಾರಾದರೂ ಆಗಿದ್ದರೆ ನದಿ, ಬೆಟ್ಟಗಳ ಪಟ್ಟಿ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಸೆಲ್ಮಾ ನಿಲ್ಸ್ ಎಂಬ ತುಂಟ ಹುಡುಗನನ್ನು ಗೇಣುದ್ದ ಮಾಡಿ, ಹೆಬ್ಬಾತಿನ ಬೆನ್ನಿಗೇರಿಸಿ, ಇಡೀ ಸ್ವೀಡನ್ ಮೇಲೆ ಹಾರಿಸಿದರು. 1906 ಮತ್ತು 1907ರಲ್ಲಿ ಎರಡು ಭಾಗವಾಗಿ ಬಂತು. ಪಠ್ಯವೆಂದು ಬರೆದದ್ದನ್ನು ಬೇರೆ ದೇಶದ ಮಕ್ಕಳೂ ಓದಿದರು.

1907ರಲ್ಲೇ ಮೋರ್‌ಬಾಕದ ಮನೆಯನ್ನು ಮತ್ತೆ ಕೊಂಡರು. ನೊಬೆಲ್ ಹಣ ಬಂದ ಮೇಲೆ ಜಮೀನನ್ನೂ ಬಿಡಿಸಿಕೊಂಡರು. ಬರೆಯುತ್ತಲೇ ಬೇಸಾಯವನ್ನೂ ಮಾಡಿಸಿದರು, ಓಟ್ಸ್ ಹಿಟ್ಟು ತಯಾರಿಸಿ ಮಾರಿದರು. 1914ರಲ್ಲಿ, ಸಾಹಿತ್ಯದ ನೊಬೆಲ್ ಯಾರಿಗೆಂದು ಆರಿಸುವ ಸ್ವೀಡಿಷ್ ಅಕಾಡೆಮಿಯ ಮೊದಲ ಮಹಿಳಾ ಸದಸ್ಯೆಯಾದರು.

ಕೊನೆಗಾಲದಲ್ಲಿ ಜರ್ಮನಿಯ ಯಹೂದಿ ಕವಯಿತ್ರಿ ನೆಲ್ಲಿ ಸಾಕ್ಸ್ ಸ್ವೀಡನ್ನಿಗೆ ಪಾರಾಗಿ ಬರಲು ನೆರವಾದರು. ಇಬ್ಬರದೂ ವರ್ಷಗಳ ಪತ್ರವ್ಯವಹಾರ. ಸೆಲ್ಮಾ ತೀರಿಕೊಂಡದ್ದು 1940ರ ಮಾರ್ಚ್‌ನಲ್ಲಿ. ನೆಲ್ಲಿ ಸ್ಟಾಕ್‌ಹೋಮ್ ತಲುಪಿದ್ದು ಮೇ ತಿಂಗಳಲ್ಲಿ. 1966ರಲ್ಲಿ ಅವರಿಗೂ ನೊಬೆಲ್ ಬಂತು.