ಬೆಳ್ಳಿಯ ಬಟ್ಟಲು ಕದ್ದವರು ಯಾರು? ‘ದಿ ವಿಚ್’ ನೋಡುವ ಮುನ್ನ

[ಪರದೆಯಲ್ಲಿ: ಕಾಡಿನಂಚಿನ ಒಂಟಿ ಮನೆ]

ನಮಸ್ಕಾರ. ರಾಬರ್ಟ್ ಎಗ್ಗರ್ಸ್ ನಿರ್ದೇಶಿಸಿದ ‘ದಿ ವಿಚ್’ 2015ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, ನಿರ್ದೇಶನಕ್ಕೆ ಪ್ರಶಸ್ತಿಯನ್ನೂ ಪಡೆಯಿತು. ಇದರ ಕಾಲ 1630ರ ದಶಕ, ಸ್ಥಳ ಅಮೆರಿಕದಲ್ಲಿದ್ದ ಇಂಗ್ಲಿಷರ ವಸಾಹತು. ಅಲ್ಲಿನ ಮ್ಯಾಸಚೂಸೆಟ್ಸ್‌ನ ಸೇಲಂ ಊರಿನಲ್ಲಿ ಮಾಟದ ಆರೋಪದ ಮೇಲೆ 19 ಮಂದಿಯನ್ನು ಗಲ್ಲಿಗೇರಿಸಿದ 1692ರ ವಿಚಾರಣೆಗಳು ಆಗಿನ್ನೂ ಬಹಳ ದೂರವಿದ್ದವು. ಧರ್ಮದ ವಿಷಯದಲ್ಲಿ ಹಿರಿಯರೊಡನೆ ಜಗಳವಾಡಿ ಬಹಿಷ್ಕೃತನಾದ ವಿಲಿಯಂ ಹೆಂಡತಿ ಮಕ್ಕಳೊಂದಿಗೆ ಕಾಡಿನ ಪಕ್ಕದಲ್ಲಿ ನೆಲೆಯೂರುತ್ತಾನೆ. ಮೆಕ್ಕೆಜೋಳಕ್ಕೆ ರೋಗ ತಗಲುತ್ತದೆ. ಹಿರಿಮಗಳು ಥಾಮಸಿನ್ ಮುಖ ಮುಚ್ಚಿ ತೆರೆದು ಹಸುಗೂಸು ತಮ್ಮನನ್ನು ನಗಿಸುತ್ತಿರುವಾಗ, ಒಮ್ಮೆ ಕೈ ಸರಿಸಿ ನೋಡಿದರೆ ಹಾಸಿದ ಬಟ್ಟೆ ಮಾತ್ರ ಇರುತ್ತದೆ, ಕೂಸು ಇರುವುದಿಲ್ಲ.

ಮಾಟಗಾತಿ ನಿಜವೋ ಭ್ರಮೆಯೋ ಎಂಬ ಕುತೂಹಲವನ್ನು ಕೊನೆಯವರೆಗೆ ಕಾಯ್ದಿಡುವುದು ಇಂಥ ಚಿತ್ರಗಳ ರೂಢಿ. ಎಗ್ಗರ್ಸ್ ಆಕೆಯನ್ನು ಆರಂಭದಲ್ಲೇ ತೋರಿಸಿಬಿಡುತ್ತಾರೆ. ಇದೇ ಚಿತ್ರದ ಜಾಣತನವೆಂದು ನನಗನ್ನಿಸುತ್ತದೆ, ಏಕೆಂದರೆ ಕಾಡಿನಲ್ಲಿ ಮಾಟಗಾತಿ ಇರುವುದು ನಿಜವಾದರೂ ಮನೆಯೊಳಗೆ ಥಾಮಸಿನ್ ಮೇಲೆ ಬೀಳುವ ಆರೋಪ ಸುಳ್ಳೇ ಆಗಿರುತ್ತದೆ.

[ಪರದೆಯಲ್ಲಿ: ಮೇಣದಬತ್ತಿಯ ಬೆಳಕಿನಲ್ಲಿ ಊಟದ ಮೇಜು]

ತನ್ನ ತಂದೆ ಕೊಟ್ಟಿದ್ದ ಬೆಳ್ಳಿಯ ಬಟ್ಟಲು ಕಾಣೆಯಾಗಿದೆಯೆಂದು ತಾಯಿ ಕ್ಯಾಥರೀನ್ ಮಗಳನ್ನು ಪ್ರಶ್ನಿಸುವ ದೃಶ್ಯವನ್ನು ಗಮನವಿಟ್ಟು ನೋಡಿ. ಬೇಟೆಯ ಬೋನುಗಳಿಗಾಗಿ ಅದನ್ನು ಮಾರಿದವನು ವಿಲಿಯಂ. ಅವನು ಅಲ್ಲೇ ಕುಳಿತಿದ್ದರೂ ಬಾಯಿಬಿಡುವುದಿಲ್ಲ. ಯಾರಿಗೆ ಮೋಕ್ಷ, ಯಾರಿಗೆ ನರಕ ಎಂಬುದನ್ನು ದೇವರು ಮೊದಲೇ ನಿರ್ಧರಿಸಿದ್ದಾನೆ, ಮನುಷ್ಯನಿಗೆ ಅದು ತಿಳಿಯದು ಎಂದು ನಂಬಿದ ಪ್ಯೂರಿಟನ್ನರಿಗೆ (ಈ ಕುಟುಂಬದಂಥ ಕಟ್ಟಾ ಪ್ರೊಟೆಸ್ಟಂಟ್ ಕ್ರೈಸ್ತರಿಗೆ) ಪ್ರತಿ ಕಷ್ಟವೂ ದೇವರು ತಮ್ಮನ್ನು ಕೈಬಿಟ್ಟದ್ದರ ಕುರುಹಾಗಿ ಕಾಣಬಹುದಿತ್ತು. ಸತ್ತ ತಮ್ಮ ನರಕಕ್ಕೆ ಹೋದನೇ ಎಂದು ಮಗ ಕೇಲಬ್ ಕೇಳಿದಾಗ ತಂದೆಯ ಬಳಿ ಉತ್ತರವಿಲ್ಲ. ನನಗೆ ಇಡೀ ಚಿತ್ರದಲ್ಲಿ ಅತಿ ಹೆಚ್ಚು ಭಯ ಹುಟ್ಟಿಸಿದ್ದು ಈ ಸಂಭಾಷಣೆ. ಕಪ್ಪು ಹೋತ ಬ್ಲ್ಯಾಕ್ ಫಿಲಿಪ್ ಕೂಡ ಇಷ್ಟು ಹೆದರಿಸಲಿಲ್ಲ.

ಮಾತುಗಳಲ್ಲಿ ಹೆಚ್ಚಿನವನ್ನು ಆ ಕಾಲದ ದಿನಚರಿ ಮತ್ತು ನ್ಯಾಯಾಲಯದ ದಾಖಲೆಗಳಿಂದಲೇ ಆಯ್ದುಕೊಳ್ಳಲಾಗಿದೆ, ಆದ್ದರಿಂದ ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಸಬ್‌ಟೈಟಲ್ ಹಾಕಿಕೊಳ್ಳುವುದು ಒಳ್ಳೆಯದು.

[ಪರದೆಯಲ್ಲಿ: ತೊರೆಯ ದಡ]

ಕಾಟ ಕೊಡುವ ಪುಟ್ಟ ತಂಗಿಯನ್ನು ಹೆದರಿಸಲು ಥಾಮಸಿನ್ ತೊರೆಯ ಬಳಿ “ನಾನೇ ಕಾಡಿನ ಮಾಟಗಾತಿ” ಎಂದು ತಮಾಷೆ ಮಾಡುತ್ತಾಳೆ. ಮುಂದೆ ಅದೇ ಮಾತು ಅವಳ ವಿರುದ್ಧದ ಸಾಕ್ಷ್ಯವಾಗುತ್ತದೆ. ಇದು ಉತ್ಪ್ರೇಕ್ಷೆಯಲ್ಲ. ಮ್ಯಾಸಚೂಸೆಟ್ಸ್ ವಸಾಹತು 1641ರಲ್ಲೇ ಮಾಟಕ್ಕೆ ಮರಣದಂಡನೆಯನ್ನು ವಿಧಿಸಿತ್ತು. ಸೇಲಂ ನ್ಯಾಯಾಲಯವಂತೂ ಆರೋಪಿಯ ಛಾಯಾರೂಪ ಬಂದು ತಮ್ಮನ್ನು ಪೀಡಿಸಿತೆಂಬ ಹುಡುಗಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ಸ್ವೀಕರಿಸಿತು.