ಪಕ್ಕದ ಗಿಡ ಯಾಕೆ ಬೇಕು?

ಕೇಳುಗರಿಗೆ ನಮಸ್ಕಾರ.

ಅಡಿಕೆ ತೋಟ ಇರುವವರನ್ನು ಮೊದಲು ಒಂದು ಮಾತು ಕೇಳುತ್ತೇನೆ. ಎಳೆ ಅಡಿಕೆ ಸಸಿಯ ಪಕ್ಕ ಬಾಳೆ ಯಾಕೆ ನೆಡುತ್ತೀರಿ? ಬರೀ ಗೊನೆಗಾಗಿ ಅಲ್ಲ, ಅಲ್ವಾ? ಪಡು ದಿಕ್ಕಿನ ಬಿಸಿಲಿಗೆ ಸಸಿ ಸುಟ್ಟುಹೋಗಬಾರದು ಅಂತ. ಹಿಮಾಲಯದ ಎತ್ತರದ ಹುಲ್ಲುಗಾವಲಿನಲ್ಲೂ ಹೀಗೇ. ಅಲ್ಲಿ ನೆಡುವವರು ಯಾರೂ ಇಲ್ಲ, ಗಿಡಕ್ಕೆ ಗಿಡವೇ ಆಸರೆ.

ಮರಗಳು ಬೆಳೆಯದಷ್ಟು ಎತ್ತರದ ಈ ಹುಲ್ಲುಗಾವಲಿಗೆ ಉತ್ತರಾಖಂಡದಲ್ಲಿ ಬುಗ್ಯಾಲ್ ಅನ್ನುತ್ತಾರೆ. ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿನ ತುಂಗನಾಥ ದೇವಸ್ಥಾನಕ್ಕೆ ಹೋಗಿದ್ದೆ. ಸುಮಾರು 3,500 ಮೀಟರ್ ಎತ್ತರ. ಜೂನ್ ತಿಂಗಳಾದರೂ ಕಿವಿ ಕೊರೆಯುವ ಗಾಳಿ. ದೇವಸ್ಥಾನ ದಾಟಿ ಚಂದ್ರಶಿಲಾ ಶಿಖರದ ಕಡೆ ಹತ್ತುತ್ತಿದ್ದೆವು. ಬಯಲಲ್ಲಿ ಹುಲ್ಲು ನೆಲಕ್ಕೆ ಅಂಟಿಕೊಂಡಿತ್ತು. ಆದರೆ ಮೊಣಕಾಲೆತ್ತರದ ರೋಡೋಡೆಂಡ್ರಾನ್ ಪೊದೆಯ ಬುಡದಲ್ಲಿ ಹಳದಿ ಪೊಟೆಂಟಿಲ್ಲಾ ಹೂ ತುಂಬಿತ್ತು. ಬಂಟ್ವಾಳ ಕಡೆಯ ಹುಡುಗನೊಬ್ಬ ಕೇಳಿದ, "ಮೇಡಂ, ಈ ಪೊದೆ ಕಡಿದರೆ ಹೂವಿನ ಗಿಡಕ್ಕೆ ಜಾಸ್ತಿ ಬಿಸಿಲು ಸಿಗ್ತದಲ್ವಾ?"

ನಾನು ಉತ್ತರ ಕೊಡಲಿಲ್ಲ. ಗ್ಲೌಸ್ ತೆಗೆದು ಪೊದೆಯೊಳಗೆ ಕೈ ಇಡು ಅಂದೆ. ಇಟ್ಟ. ಒಳಗೆ ಗಾಳಿಯೇ ಇಲ್ಲ. ಮಣ್ಣು ಮೆತ್ತಗೆ, ಹಸಿ. ಹೊರಗೆ ಬೆರಳು ಮರಗಟ್ಟುತ್ತಿತ್ತು. ಆಮೇಲೆ ಒಬ್ಬೊಬ್ಬರೇ ಬಂದು ಕೈ ಇಟ್ಟರು. ಮಳೆ ಬರುತ್ತದೆ ಅಂತ ಗೈಡ್ ಅವಸರ ಮಾಡಿದರೂ ಯಾರೂ ಏಳಲಿಲ್ಲ. ಕೊನೆಗೆ ಆ ಹುಡುಗನೇ ಅಂದ, "ಇದು ನಮ್ಮ ತೋಟದ ಬಾಳೆಯ ಹಾಗೇ ಉಂಟು ಮೇಡಂ."

2002ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಇದನ್ನೇ ಹೇಳಿತು. 11 ಪರ್ವತ ಸಾಲುಗಳಲ್ಲಿ, 115 ಜಾತಿಯ ಗಿಡಗಳ ಸುತ್ತ ಇದ್ದ ಬೇರೆ ಗಿಡಗಳನ್ನು ಕಿತ್ತು ನೋಡಿದರು. ಕೆಳಗಿನ ಬೆಚ್ಚಗಿನ ಜಾಗದಲ್ಲಿ, ಉಳಿದ ಗಿಡ ಚೆನ್ನಾಗಿ ಬೆಳೆಯಿತು. ಮೇಲಿನ ಚಳಿಯಲ್ಲಿ ಸೊರಗಿತು. ಕಷ್ಟ ಹೆಚ್ಚಿದ ಕಡೆ ಪಕ್ಕದ ಗಿಡ ಬೇಕೇ ಬೇಕು.

ಸಮಯ ಮುಗಿಯುತ್ತಾ ಬಂತು, ಆದರೆ ನಮ್ಮ ಪದವಿನ, ಅಂದರೆ ಕೆಂಪು ಕಲ್ಲು ಹಾಸಿದ ಎತ್ತರದ ಬಯಲಿನ, ಮಾತು ಹೇಳಲೇಬೇಕು. ಮುರಕಲ್ಲಿನ ಪದವಿನಲ್ಲಿ ಆ ಚಳಿ ಇಲ್ಲ, ಏಪ್ರಿಲ್ ಬಿಸಿಲು ಉಂಟು. ಅಲ್ಲಿ ಸಸಿ ನೆಡುವ ಮೊದಲು ಜೆಸಿಬಿ ತಂದು ಕೇಪುಳ, ಕುಂಟಲ ಪೊದೆಗಳನ್ನೆಲ್ಲ ಸವರಿಬಿಡುತ್ತಾರೆ. ಎಷ್ಟು ಸಲ ಹೇಳಿದ್ದೇನೆ! ದಯವಿಟ್ಟು ಸವರಬೇಡಿ. ಈ ಮಳೆಗಾಲದಲ್ಲಿ ನೆಡುವವರು ಪೊದೆಯ ಮೂಡು ಬದಿಗೆ ನೆಡಿ. ಪಡು ಬಿಸಿಲನ್ನು ಪೊದೆ ತಡೆಯುತ್ತದೆ.